ತೊಂಬತ್ತೆಂಟು ಅಂಕದ ಹಸು

ಏಳು ತಲೆಮಾರಿನಿಂದ ಪಶು ಇಲಾಖೆಯವರು ಹಸುಗಳ ತಾಯ್ತನಕ್ಕೆ ನೂರಕ್ಕೆ ಇಷ್ಟು ಅಂತ ಅಂಕ ಕೊಟ್ಟು, ತಾಯಿಯ ಅಂಕ ನೋಡಿಯೇ ತಳಿಯ ಹೋರಿಗಳನ್ನು ಆರಿಸುತ್ತಿದ್ದಾರೆ. ನಮ್ಮ ಹಸು ಸಂಪಿಯ ಅಂಕ ತೊಂಬತ್ತೆಂಟು. ಅದು ತನ್ನ ಕರುವಿನ ಜೊತೆಗೆ ಬೆಕ್ಕಿನ ಮರಿಗಳನ್ನೂ, ಪಕ್ಕದ ಮನೆಯ ಕೋಳಿಪಿಳ್ಳೆಗಳನ್ನೂ, ನನ್ನ ಮಗಳು ಇಂಚರಳನ್ನೂ ಸಾಕುತ್ತಿದೆ. ನಾನು ಮಗಳನ್ನು ಗದರಿದರೆ ನನಗೇ ಕೊಂಬು ತೋರಿಸುತ್ತದೆ.

ಇವತ್ತು ದಡಾರದ ಚುಚ್ಚುಮದ್ದಿಗೆ ಕೊನೆಯ ದಿನ. ಪಕ್ಕದ ಬೀದಿಯಲ್ಲಿ ಆಗಲೇ ಇಬ್ಬರು ಮಕ್ಕಳು ಜ್ವರ ಬಂದು ಮಲಗಿದ್ದಾರೆ. ನರ್ಸ್ ಜಯಶೀಲಮ್ಮ ಮೂರನೇ ಸಲ ಬಂದರು. ಸೂಜಿ ಕಂಡದ್ದೇ ಇಂಚರ ಕೊಟ್ಟಿಗೆಗೆ ಓಡಿ ಸಂಪಿಯ ಹಿಂದೆ ಅಡಗಿದಳು.

"ನಿಮ್ದು ಎಷ್ಟರ ಹಸು ಅಕ್ಕ?" ಎಂದು ಜಯಶೀಲಮ್ಮ ಬಾಗಿಲಲ್ಲೇ ನಿಂತು ಕೇಳಿದರು.

"ತೊಂಬತ್ತೆಂಟು ಸಿಸ್ಟರ್."

"ಅಯ್ಯೋ! ಹೋದ ವಾರ ಬರೀ ತೊಂಬತ್ತರದ್ದೇ ನನ್ನನ್ನ ತಿಪ್ಪೆಗೆ ಕೆಡವಿತು. ನಾ ಒಳಗೆ ಬರಲ್ಲಪ್ಪ."

ಬೂಸಾ ತೋರಿಸಿದೆ, ಬಾಳೆಹಣ್ಣು ತೋರಿಸಿದೆ. ಸಂಪಿ ಅಲುಗಲಿಲ್ಲ.

"ನಾನೂ ಅವಳ ಅಮ್ಮಾನೇ ಕಣೇ! ನನ್ ಮಾತೂ ಒಂಚೂರು ಕೇಳೇ!"

ಕೂಗಿ ಕೂಗಿ ಸಾಕಾಗಿ, ಸಗಣಿ ಮಂಕರಿಯ ಪಕ್ಕ ನೆಲಕ್ಕೇ ಕುಸಿದು ಕೂತೆ. ಅಳು ಬಂದುಬಿಟ್ಟಿತು.

ಸಂಪಿ ಕಿವಿ ನಿಮಿರಿಸಿ ನೋಡಿತು. ಮಗುವನ್ನು ಬಿಟ್ಟು ನನ್ನ ಬಳಿ ಬಂದು ತಲೆ ನೆಕ್ಕತೊಡಗಿತು. ಜಯಶೀಲಮ್ಮ ಆಚೆ ಬದಿಯಿಂದ ನುಗ್ಗಿ ಚುಚ್ಚಿಯೇಬಿಟ್ಟರು. ಇಂಚರ ಕಿರುಚುತ್ತ ಓಡಿಬಂದು ನನ್ನ ಮಡಿಲಿಗೆ ಬಿದ್ದಳು. ಸಂಪಿ ಇಬ್ಬರನ್ನೂ ನೆಕ್ಕಿತು.

"ಆಯ್ತಲ್ಲ, ಎದ್ದೇಳಿ ಅಕ್ಕ. ಮೈಯೆಲ್ಲ ಜೊಲ್ಲು."

"ಒಂದ್ ನಿಮಿಷ ಇರಿ ಸಿಸ್ಟರ್," ಎಂದು ಇನ್ನೊಂದು ಕೆನ್ನೆಯನ್ನೂ ಸಂಪಿಯ ಕಡೆ ತಿರುಗಿಸಿದೆ.