ಹೆಬ್ಬೆರಳಿನ ಗುರುತು

ಕೆಂಪು ಬಾಳೆಹಣ್ಣಿನ ವಾಸನೆ ಬಂದರೆ ಇವತ್ತಿಗೂ ನನ್ನ ಬಲಗೈ ಹೆಬ್ಬೆರಳು ತಾನಾಗಿ ಎದ್ದು ನಿಲ್ಲುತ್ತದೆ.

ಅಮ್ಮನ ಅಪ್ಪ, ನಮ್ಮ ಮುತ್ಯಾ, ಕಲಬುರಗಿಯ ಒಂದು ಗುಪ್ತ ಸಂಘದ ಸದಸ್ಯನಾಗಿದ್ದ. ಸ್ಟೇಶನ್ ಬಜಾರಿನಲ್ಲಿ ಸಂಘದವರು ಸಿಕ್ಕರೆ ಕೈ ಕುಲುಕುತ್ತಲೇ ಅವರ ಬೆರಳಿನ ಗೆಣ್ಣನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಿದ್ದ. ಆ ಗುರುತನ್ನು ನಾನು ಹದ್ದಿನ ಹಾಗೆ ನೋಡಿ ಕದ್ದೆ. ಶಾಲೆಯ ರಜೆಗೆಂದು ಮಕ್ಕಳೆಲ್ಲ ಕಮಲಾಪುರದ ಮುತ್ಯಾನ ತೋಟದ ಮನೆಯಲ್ಲಿ ಸೇರಿದಾಗ, ನಾನೂ ಸದಸ್ಯ, ದೆಹಲಿಯವರೆಗೂ ನನ್ನನ್ನು ಬಲ್ಲರು ಎಂದು ಚಿಕ್ಕಮ್ಮನ ಮಗಳು ಗಂಗಿಯ ಮುಂದೆ ಬುರುಡೆ ಬಿಟ್ಟೆ.

"ಇವತ್ತ ಮುತ್ಯಾನ ಸಂಘದ ದೋಸ್ತ ಬರಾಕತ್ತಾರ. ಅವರು ನಿನ್ನ ಗುರ್ತ ಹಿಡದ್ರ ರಜಾ ಮುಗಿಯೂತನಕ ನಿನ್ನ ಚಪ್ಪಲಿ ನಾ ಹೊರತೀನಿ. ಇಲ್ಲಂದ್ರ ನನ್ನವು ನೀ ಹೊರಬೇಕು ನೋಡಲೇ," ಅಂದಳು ಗಂಗಿ.

ಮಧ್ಯಾಹ್ನ ಕರಿ ಕೋಟಿನ ಮುದುಕ ಬಂದ. ಪಡಸಾಲೆಯಲ್ಲಿ ಬಾಳೆಗೊನೆ ಘಮಘಮಿಸುತ್ತಿತ್ತು. ನಾನು ಕೈ ಚಾಚಿ, ಗೋಡೆ ಗಡಿಯಾರಕ್ಕೆ ಕೀಲಿ ಕೊಡುವಷ್ಟು ಜೋರಾಗಿ ಅವನ ಗೆಣ್ಣು ಒತ್ತಿದೆ. ಅವನ ಹುಬ್ಬುಗಳು ಹಣೆ ದಾಟಿ ಟೋಪಿಯೊಳಗೆ ಹೋದವು.

ಬಗ್ಗಿ ಕೇಳಿದ: "ಗುಟ್ಟಿನ ಮಾತು ಹೇಳ್ರಿ."

ಮಾತೂ ಇರುತ್ತದೆಂದು ಯಾರಿಗೆ ಗೊತ್ತಿತ್ತು? ಕಣ್ಣಿಗೆ ಬಿದ್ದದ್ದನ್ನೇ ಹೇಳಿದೆ. "ಕೆಂಪ ಬಾಳೆಹಣ್ಣು."

ಮುದುಕ ಮುತ್ಯಾನ ಕಡೆ ನೋಡಿದ. ಮುತ್ಯಾ ಗೋಡೆಗೆ ಮುಖ ಮಾಡಿದ್ದ. ಭುಜಗಳು ಮಾತ್ರ ಕುಣಿಯುತ್ತಿದ್ದವು.

"ಇವರು ನಮ್ಮವರೇ ಅದಾರ್ರಿ," ಎಂದು ಮುದುಕ ಗಂಭೀರವಾಗಿ ಸಾರಿ, ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡ.

ಸಂಜೆ ತೋಟದ ದಾರಿಯಲ್ಲಿ ಗಂಗಿ ನನ್ನ ಚಪ್ಪಲಿ ಹಿಡಿದು, ಮೂತಿ ಉಬ್ಬಿಸಿಕೊಂಡು ಹಿಂದೆ ಬರುತ್ತಿದ್ದಳು. ಬರಿಗಾಲಿನ ಮಹಾಸದಸ್ಯ ನಾನು ಮುಳ್ಳು ತುಳಿದರೂ ನಗುತ್ತಿದ್ದೆ. ಜೊತೆಗೆ ನಡೆಯುತ್ತಿದ್ದ ಮುತ್ಯಾ ನನ್ನ ಕೈ ಹಿಡಿದ. ಮೊದಲ ಸಲ ನನ್ನ ಗೆಣ್ಣು ಒತ್ತಿದ.

"ಕೆಂಪ ಬಾಳೆಹಣ್ಣು," ಅಂದ.