ಗಾಜಿನ ಮೇಲೆ ಮೂರು ಸಾಲು

ಹನೂರಿನ ಟೆಂಟ್ ಸಿನಿಮಾದ ಹಿಂದೆ ಮಾದಣ್ಣ ಸ್ಲೈಡಿನ ಗಾಜುಗಳಿಗೆ ಬೂದಿ ಹಚ್ಚಿ ತೊಳೆಯುತ್ತಿದ್ದ. ಆಟದ ನಡುವೆ ಪರದೆಯ ಮೇಲೆ ಬೀಳುವ ಪ್ರಕಟಣೆಗಳನ್ನು ಬರೆಯುವವನು ಅವನೇ. ಗುರುಸಿದ್ದಮ್ಮ ಬಂದು ಎದುರಿಗೆ ಕೂತಳು. ಮರೆವಿನ ಕಾಯಿಲೆಯಿದ್ದ ಅವಳ ಗಂಡ ಮನೆ ಬಿಟ್ಟು ಹೋಗಿ ತಿಂಗಳಾಗುತ್ತ ಬಂದಿತ್ತು. ಹೋದ ವಾರದಿಂದ ಅವನನ್ನು ಹುಡುಕುವ ಸ್ಲೈಡು ದಿನವೂ ಬೀಳುತ್ತಿದ್ದರೂ ಒಬ್ಬರೂ ಬಂದು ಒಂದು ಮಾತು ಹೇಳಿರಲಿಲ್ಲ.

“ನೆನ್ನೆ ನಾನೂ ಬಂದಿದ್ದೆ ಕಣಪ್ಪ. ನಾನು ಮೊದಲ್ನೇ ಸಾಲು ಓದಿ ಮುಗಿಸೋ ಒತ್ಗೆ ನೀನು ತಗದೇಬುಟ್ಟೆ.”

ಮಾದಣ್ಣ ಆ ಸ್ಲೈಡಿನ ಗಾಜನ್ನು ಬೆಳಕಿಗೆ ಹಿಡಿದ. ಅಂಚಿನಿಂದ ಅಂಚಿಗೆ ಒತ್ತೊತ್ತಾಗಿ ಅಕ್ಷರ. ಮನೆತನ, ಮನೆದೇವರು, ಪಂಚೆಯ ಅಂಚು, ಕೈಯ ಬೆತ್ತ, ಎಲ್ಲವೂ ಇತ್ತು. ಯಜಮಾನರ ವಿಷಯ, ಏನೂ ಬಿಡಕೂಡದು ಎಂದು ಬರೆಸಿದವಳು ಅವಳೇ.

“ಇರೋದೊಂದು ಗಾಜು. ನೀನೇಳಿದ್ನೆಲ್ಲ ತುರುಕ್ದೆ. ನನ್ನೇನಂದೀಯೆ?”

ಅವಳು ರಾತ್ರಿ ಶಾಲೆಯಲ್ಲಿ ಕಲಿತವಳು. ಪದದ ಕೆಳಗೆ ಬೆರಳಿಟ್ಟರೇ ಓದು ಸಾಗುತ್ತಿತ್ತು. ಪರದೆಗೆ ಬೆರಳಿಡುವುದೆಲ್ಲಿ? ಟೆಂಟಿನಲ್ಲಿ ನೆಲದ ಮೇಲೆ ಕೂರುವ ಬಹಳ ಮಂದಿ ಅವಳ ಹಾಗೆಯೇ.

“ಎಲ್ಲಾನೂ ಅಳಿಸ್ಬುಡು. ಮೂರೇ ಸಾಲು ಬರಿ. ಮಾತಿಗೂ ಮಾತಿಗೂ ನಡುವೆ ಜಾಗ ಬುಡು,” ಎಂದಳು. ಗಂಡನ ಹೆಸರನ್ನು ಬಾಯಲ್ಲಿ ಹೇಳದೆ ಚೆಲ್ಲಿದ್ದ ಬೂದಿಯಲ್ಲಿ ಬರೆದು ತೋರಿಸಿದಳು.

ಅಂದಿನ ಮೊದಲ ಆಟದಲ್ಲಿ ಸ್ಲೈಡು ಬಿತ್ತು.

ಚಿಕ್ಕಮಾದಪ್ಪ
ಎಡಗೈಗೆ   ಆರು   ಬೆರಳು
ಕಂಡಿದ್ದೀರಾ?

ನೆಲದ ಮೇಲಿದ್ದವರು ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಕೂಡಿ ಓದಿದರು. ಅವರಲ್ಲೊಬ್ಬ ಎದ್ದು ನಿಂತ. ಅಜ್ಜೀಪುರದ ಗಾಡಿ ಹೊಡೆಯುವ ಮಾರಯ್ಯ. ಮಾದಣ್ಣ ತೋರಿಸಿದ ಗುರುಸಿದ್ದಮ್ಮನನ್ನು ಹೊರಗೆ ಕರೆದು, ಅವಳ ಮುಖ ನೋಡದೆ ಹೇಳಿದ. ಆರು ಬೆರಳಿನ ಮುದುಕರೊಬ್ಬರು ಜ್ವರ ಬಂದು ತಮ್ಮೂರ ಜಗಲಿಯಲ್ಲಿ ಮಲಗಿದ್ದರು. ಹೆಸರು ಕೇಳಿದರೆ ನಗುತ್ತಿದ್ದರು. ಮೊನ್ನೆ ತೀರಿಕೊಂಡರು. ಊರವರೇ ಮಣ್ಣು ಮಾಡಿದರು.

“ಓದ್ವಾರಾನೂ ನಾನಿಲ್ಲೇ ಕುಂತಿದ್ದೆ ಕಣವ್ವ. ಅಕ್ಸರ ಇರುವೆ ಮುತ್ಕಂಡಂಗೆ ಕಂಡ್ತು. ಬೀಡಿ ಸೇದಕ್ಕೆ ಎದ್ದೋದೆ.”

“ಆಗ ಇದ್ರಾ?”

“ಇದ್ರು.”

ಕೊಯಮತ್ತೂರಿನ ಮಗಳಿಗೆಂದು ತಂದ ಅಂಚೆ ಕಾರ್ಡು ತಿಂಗಳಿಂದ ಗೋಡೆಯ ಗೂಡಿನಲ್ಲಿ ಖಾಲಿ ಕೂತಿತ್ತು. ಸಿಕ್ಕರು ಎಂದೇ ಬರೆಯೋಣವೆಂದು ಕಾದಿದ್ದಳು. ಮಗಳೂ ಅಕ್ಷರ ಕೂಡಿಸಿ ಕೂಡಿಸಿ ಓದುವವಳೇ. ಗುರುಸಿದ್ದಮ್ಮ ಮರುದಿನ ಬೆಳಿಗ್ಗೆ ಎದ್ದು, ‘ನಿಮ್ಮಪ್ಪ’ ಎಂದು ಬರೆದು, ಒಂದು ಬೆರಳಿನಷ್ಟು ಜಾಗ ಬಿಟ್ಟು, ‘ಇಲ್ಲ’ ಎಂದು ಬರೆದಳು. ಉಳಿದ ಕಾರ್ಡನ್ನು ಬಿಳಿಯಾಗಿಯೇ ಬಿಟ್ಟು ಅಂಚೆಡಬ್ಬಕ್ಕೆ ಹಾಕಿದಳು.