ಮೂರು ಫ್ಯಾನಿನ ಕಾರ್ಡು

ಒಬ್ಬರಿಂದೊಬ್ಬರು ಏನನ್ನೂ ಮುಚ್ಚಿಡುವುದಿಲ್ಲ. ಮದುವೆಗೆ ಮೊದಲು ಇಬ್ಬರೂ ಕೊಟ್ಟುಕೊಂಡಿದ್ದ ಮಾತು ಅದೊಂದೇ. ಅದನ್ನು ನಂಬಿ ಅವಳು ಹೆತ್ತ ಅಪ್ಪನನ್ನೇ ಎದುರು ಹಾಕಿಕೊಂಡು ಬಂದಿದ್ದಳು. ಈಗ ಅದೇ ಗಂಡನ ಕೋಣೆಯ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಳು, ಕೈಯಲ್ಲಿ ಆರುತ್ತಿರುವ ಕಾಫಿ.

“ನೀವು ಮುಂದೆ ಹೋಗಿ, ನಾನು ಹಿಂದೇನೇ ಇದೀನಿ,” ಒಳಗಿನಿಂದ ಅವನ ದನಿ. “ಆತುರ ಬೇಡ. ಕತ್ತಲಾಗ್ತಿದೆ, ಹುಷಾರು.”

ಆಮೇಲೆ ನಗು. ಅವಳೆದುರು ಅವನು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಬಾಗಿಲು ತಳ್ಳಿದಳು. ಅವನು ಹೆಡ್‌ಫೋನ್ ಕಿತ್ತ. ಪರದೆ ಕಪ್ಪಾಯಿತು.

“ಯಾರ್ರೀ ಅದು?”

“ಯಾರೋ ಒಬ್ರು. ಆಟದಲ್ಲಿ ಸಿಕ್ಕವರು.”

“ಆಟದಲ್ಲಿ ಸಿಕ್ಕವರಿಗೆ ‘ನೀವು’, ಕಟ್ಟಿಕೊಂಡವಳಿಗೆ ‘ಏನೇ’!”

ಅವನು ಅವಳ ಕೈಯಿಂದ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದ. “ಕಾಫಿ ಆರಿದೆ ಕಣೇ.”

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವನ ಕೆಲಸ. ದಿನವಿಡೀ ಪರರ ಕಣ್ಣಲ್ಲಿ ಕಣ್ಣಿಟ್ಟು ನೋಡುವವನು. ಅದಕ್ಕೆ ಅವಳೆಂದೂ ಹೊಟ್ಟೆ ಉರಿದುಕೊಂಡಿರಲಿಲ್ಲ. ಅವಳಿಗೆ ಅವನು ಸಿಕ್ಕಿದ್ದೂ ಅಲ್ಲೇ. ಲಾರಿ ಓಡಿಸುತ್ತಿದ್ದ ಅಪ್ಪನ ಕೈ ಹಿಡಿದು ಪರೀಕ್ಷೆಗೆ ಕರೆದುಕೊಂಡು ಹೋಗಿದ್ದಳು. ಈ ಕಣ್ಣಲ್ಲಿ ಗಾಡಿ ಓಡಿಸುವ ಹಾಗಿಲ್ಲ ಎಂದು ಬರೆದುಕೊಟ್ಟ. ಲೈಸೆನ್ಸ್ ಹೋಯಿತು. “ಸ್ಟೀರಿಂಗ್ ಕಿತ್ಕೊಂಡವನಿಗೆ ಮಗಳನ್ನೂ ಕೊಡ್ಬೇಕಾ?” ಎಂದು ಅಪ್ಪ ಕೂಗಾಡಿದ್ದ. ಅಳಿಯನೊಂದಿಗೆ ಒಂದು ಮಾತೂ ಆಡಿದವನಲ್ಲ. ಅವಳೂ ತವರಿನ ಹೊಸ್ತಿಲು ತುಳಿದಿರಲಿಲ್ಲ.

ಅಷ್ಟೆಲ್ಲ ಬಿಟ್ಟು ಬಂದದ್ದು ಹೀಗೆ ಬಾಗಿಲಾಚೆ ನಿಲ್ಲಲಿಕ್ಕಾ?

ಒಂದು ಉಪಾಯ ಹೊಳೆಯಿತು. ಗೇಮ್ ಕನ್ಸೋಲ್. ಟಿವಿಗೆ ಸಿಕ್ಕಿಸಿದರೆ ಆಯಿತು, ಎರಡು ಪ್ಯಾಡ್, ಒಂದೇ ಸೋಫಾ. ಆಡುವುದೇ ಆದರೆ ಪಕ್ಕದಲ್ಲಿ ತಾನೇ ಕೂತಿರುತ್ತೇನೆ.

ಅವನು ತಲೆಯಾಡಿಸಿದ. “ಕನ್ಸೋಲ್ ಬೇಡ. ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡೇ ಬೇಕು, ಚಿತ್ರ ಚೆನ್ನಾಗಿ ಕಾಣೋಕೆ. ನಮ್ಮ ಆಟ ಕನ್ಸೋಲ್‌ನಲ್ಲಿ ಬರಲ್ಲ.”

‘ನಮ್ಮ’ ಆಟ. ಆ ‘ನಾವು’ ಎಂಬುದರೊಳಗೆ ಅವಳಿರಲಿಲ್ಲ.

ಗಂಡ ಯಾವಾಗಲೂ ಹೋಗುವ ಕಂಪ್ಯೂಟರ್ ಅಂಗಡಿಗೆ ತಾನೇ ಹೋಗಿ ವಿಚಾರಿಸಿದಳು. ಅಂಗಡಿಯವನು ಮಾತಿನ ಮಲ್ಲ.

“ನೋಡಿ ಅಕ್ಕ, ಈ ಕಾರ್ಡಿನ ಬೆಲೆಗೆ ಇಡೀ ಕನ್ಸೋಲೇ ಬರತ್ತೆ, ಎರಡು ಪ್ಯಾಡ್ ಸಮೇತ. ಕಾರ್ಡು ಒಂದನ್ನೇ ತಗೊಂಡು ಏನು ಮಾಡ್ತೀರಿ? ಅದನ್ನ ಹೊರೋಕೆ ಕಂಪ್ಯೂಟರೂ ಬೇಕು. ಮೂಗಿಗಿಂತ ಮೂಗುತಿ ಭಾರ.”

“ಮತ್ತೆ ಜನ ಯಾಕೆ ತಗೋತಾರೆ?”

“ಸೋಫಾ ಮೇಲೆ ಕೂತು ನೋಡಿದ್ರೆ ಎರಡಕ್ಕೂ ಕೂದಲೆಳೆ ವ್ಯತ್ಯಾಸ. ಆದ್ರೆ ಪರದೆಗೆ ಮೂಗು ತಾಗಿಸಿ ಕೂರೋವ್ರಿಗೆ ಈ ಮೂರು ಫ್ಯಾನಿನ ಕಾರ್ಡೇ ಸರಿ. ದೂರದ ಸಣ್ಣ ಅಕ್ಷರಾನೂ ಒಡೆಯಲ್ಲ.”

ಗಂಡ ಕಾರ್ಡನ್ನೇ ಕೊಂಡುಬಿಟ್ಟ. ‘ತಂದಿದೀನಿ’ ಎಂದಷ್ಟೇ ಹೇಳಿದ, ತೋರಿಸಲಿಲ್ಲ. ಆ ವಾರವೆಲ್ಲ ನಗು ಇನ್ನೂ ಜೋರು. ಒಂದು ಸಂಜೆ ಬಾಗಿಲಾಚೆಗೆ ಸ್ಪಷ್ಟವಾಗಿ ಕೇಳಿಸಿತು: “ಈಗ ನಾನು ಚೆನ್ನಾಗಿ ಕಾಣ್ತೀನಾ?”

ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಕಂಪ್ಯೂಟರಿನ ಧೂಳು ಒರೆಸಿದಳು. ಅದರ ಪೆಟ್ಟಿಗೆಯ ಪಕ್ಕದ ಗಾಜಿನೊಳಗೆ ಒಂದೇ ಫ್ಯಾನಿನ ಹಳೇ ಕಾರ್ಡು, ಮೈತುಂಬ ಧೂಳು ಹೊದ್ದು ಕೂತಿತ್ತು.

ಮತ್ತೆ ಅಂಗಡಿ.

“ನಿಮ್ಮೆಜಮಾನ್ರು ಆವತ್ತೇ ತಗೊಂಡ್ರಲ್ಲ,” ಎಂದ ಮಾತಿನ ಮಲ್ಲ. “ಬೇರೆ ಮನೆಗೆ ಕಳಿಸಿ ಹಾಕಿಸಿ ಅಂದ್ರು. ಬಹುಮಾನ ಬಂದಿದೆ ಅನ್ನಿ, ಯಾರು ಕೊಟ್ಟಿದ್ದು ಅಂತ ಮಾತ್ರ ಹೇಳ್ಬೇಡಿ ಅಂದ್ರು.” ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. “ಯಾರ ಮನೆ ಅಂತ ಕೇಳ್ಬೇಡಿ ಅಕ್ಕ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ.”

ಕೇಳಲಿಲ್ಲ. ಸೋಫಾದ ಅರ್ಧ ಜಾಗ ಕೇಳಿದವಳಿಗೆ ಇಲ್ಲ. ಇನ್ಯಾರಿಗೋ ಕನ್ಸೋಲಿನ ಬೆಲೆಯ ಉಡುಗೊರೆ. ಎದೆಯೊಳಗೆ ಒಲೆ ಉರಿಯುತ್ತಿತ್ತು. ಒಂದು ಚೀಲಕ್ಕೆ ನಾಲ್ಕು ಬಟ್ಟೆ ತುರುಕಿದಳು. ಸಂಜೆ ಅವನು ಬಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡ ಮೇಲೆ, ಸದ್ದಿಲ್ಲದೆ ಹೊರಟು ಬಸ್ಸು ಹತ್ತಿದಳು. ನೀನು ಹೇಳಿದ್ದೇ ಸರಿ ಅಪ್ಪ ಎನ್ನಬೇಕು. ಅತ್ತುಬಿಡಬೇಕು.

ತವರಿನ ಬಾಗಿಲು ತೆರೆದೇ ಇತ್ತು. ಅಪ್ಪ ಬೆನ್ನು ಹಾಕಿ ಕೂತಿದ್ದ, ಪರದೆಗೆ ಮೂಗು ತಾಗುವಷ್ಟು ಹತ್ತಿರ. ಮೇಜಿಗೆ ಬಿಗಿದ ಆಟದ ಸ್ಟೀರಿಂಗ್ ಮೇಲೆ ಎರಡೂ ಕೈ. ಮೇಜಿನ ಕೆಳಗಿನ ಕಂಪ್ಯೂಟರಿನಲ್ಲಿ ಹೊಸ ಕಾರ್ಡಿನ ಮೂರು ಫ್ಯಾನು ತಿರುಗುತ್ತಿದ್ದವು. ಪರದೆಯ ತುಂಬ ಉದ್ದದ ರಸ್ತೆ, ಪಕ್ಕದ ಕನ್ನಡಿಯಲ್ಲಿ ಹಿಂಬಾಲಿಸಿ ಬರುತ್ತಿರುವ ಇನ್ನೊಂದು ಲಾರಿ.

“ಮುಂದೆ ಬೋರ್ಡ್ ಬಂತು,” ಸ್ಪೀಕರಿನಿಂದ ಒಂದು ದನಿ. “ಮೇಲಿನ ಸಾಲು ಓದಿ ನೋಡೋಣ.”

ಅಪ್ಪ ತಡವರಿಸದೆ ಓದಿದ. ದನಿ ನಕ್ಕಿತು. ಬಾಗಿಲಿಗೆ ಕಿವಿ ಹಚ್ಚಿ ಅವಳು ಬಾಯಿಪಾಠ ಮಾಡಿಕೊಂಡಿದ್ದ ನಗು.

ಚೀಲ ಕೈಜಾರಿತು. ಅಪ್ಪ ತಿರುಗಿದ. ಮಗಳನ್ನು ನೋಡಿದ, ಚೀಲವನ್ನು ನೋಡಿದ, ಮೈಕ್ ಆರಿಸಿದ.

“ಅಪ್ಪ, ಅದು ಯಾರು ಗೊತ್ತಾ?”

“ಸ್ಟೀರಿಂಗ್ ಕಿತ್ಕೊಂಡವನು. ಮೇಲಿನ ಸಾಲು ಓದಿ ಅಂತ ಲಾರಿಯವರು ಯಾರಾದ್ರೂ ಅಂತಾರೇನೇ? ಮೊದಲನೇ ದಿನವೇ ಗೊತ್ತಾಯ್ತು.” ಅಪ್ಪ ದನಿ ತಗ್ಗಿಸಿದ. “ನಂಗೆ ಗೊತ್ತಿಲ್ಲ ಅಂತ ಅಂದ್ಕೊಂಡಿದಾನೆ, ಪಾಪ. ಗೊತ್ತಾದ್ರೆ ನಾಚ್ಕೊಂಡು ಆಟಕ್ಕೆ ಬರೋದೇ ಬಿಡ್ತಾನೆ. ನೀನು ಬಾಯಿ ಬಿಡ್ಬೇಡ.”

ಹೊಟ್ಟೆಕಿಚ್ಚು ಇನ್ನೂ ಆರಿರಲಿಲ್ಲ. ಅಪ್ಪನ ಮೇಲೋ ಗಂಡನ ಮೇಲೋ ತಿಳಿಯಲಿಲ್ಲ. ಆಯಿತೆಂದು ತಲೆಯಾಡಿಸಿದಳು. ಚೀಲ ಎತ್ತಿಕೊಂಡು ಬಂದ ದಾರಿಯಲ್ಲೇ ತಿರುಗಿದಳು.

“ಎಲ್ಲಿಗೆ ಹೋಗಿದ್ದೆ?” ಎಂದ ಗಂಡ.

“ಎಲ್ಲೂ ಇಲ್ಲ. ನೀವೇನು ಮಾಡ್ತಿದ್ರಿ?”

“ಏನಿಲ್ಲ.”

ಮುಚ್ಚಿಡುವುದಿಲ್ಲ ಎಂದು ಮಾತು ಕೊಟ್ಟವರು ಇಬ್ಬರು. ಇಬ್ಬರೂ ಮಾತು ಮುರಿದಿದ್ದರು.